ಟ್ವಿಲ್‌ಗೆ ಒಂದೆಳೆ ಹೆಚ್ಚಿಗೆ ಬೇಕು

ಮಾನ್ಯರೆ,

ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಆಸುಪಾಸಿನ ಮೇಳಗಳಲ್ಲಿ ದಪ್ಪ ನೂಲಿನ ಟ್ವಿಲ್ (ಓರೆಗೆರೆ ಮೂಡುವ ನೇಯ್ಗೆ) ಹೊದಿಕೆ ಕೊಳ್ಳುವವರು ಎರಡೂ ಅಂಚುಗಳನ್ನು ಜೋಡಿಸಿ ನೋಡಬೇಕು. ಎಷ್ಟೋ ಹೊದಿಕೆಗಳಲ್ಲಿ ಒಂದು ಕಡೆ ಅಲೆ ತುದಿ ಮುಟ್ಟಿರುತ್ತದೆ, ಇನ್ನೊಂದು ಕಡೆ ಅರ್ಧಕ್ಕೇ ನಿಂತಿರುತ್ತದೆ. ಇದು ನೇಯುವಾಗ ಆದ ತಪ್ಪಲ್ಲ, ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ, ಲೆಕ್ಕ ಹಾಕುವಾಗಲೇ ಆದದ್ದು.

ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ಚೌಕಟ್ಟು ನಾಲ್ಕಿದ್ದು, ಓರೆಗೆರೆ ಅಲೆಯಂತೆ ಹತ್ತಿ ಇಳಿಯುವ ಏರಿಳಿತದ ಟ್ವಿಲ್‌ನಲ್ಲಿ ಎಳೆ ಸೇರಿಸುವ ಕ್ರಮ 1-2-3-4-3-2. ಇಂಚಿಗೆ 16 ಎಳೆಯಂತೆ 30 ಇಂಚಿಗೆ 480. ಆರರಿಂದ ಭಾಗಿಸಿದರೆ ಸರಿಯಾಗಿ 80. ಶೇಷವಿಲ್ಲ ಎಂದು ಖುಷಿಪಡುವುದೇ ಇಲ್ಲಿನ ಎಡವಟ್ಟು: ಒಂದರಿಂದ ಶುರುವಾದದ್ದು ಎರಡರಲ್ಲಿ ಮುಗಿಯುತ್ತದೆ. ಕೊನೆಗೆ ಒಂದನೇ ಚೌಕಟ್ಟಿಗೆ ಇನ್ನೊಂದೆಳೆ ಸೇರಿಸಿ 481 ಮಾಡಬೇಕು. ಅಗಲ 31 ಇಂಚು, ಅಂದರೆ 496 ಎಳೆ ಎಂದಾದರೆ 493ಕ್ಕೇ ನಿಲ್ಲಿಸಿ. ಉಳಿದ ಮೂರೆಳೆ ಕಾಲಿಂಚೂ ಆಗುವುದಿಲ್ಲ, ಅದಕ್ಕಾಗಿ ವಿನ್ಯಾಸ ಕೆಡಿಸುವುದು ಬೇಡ.

ಹೀಲ್ಡ್ (ಚೌಕಟ್ಟಿನಲ್ಲಿ ಒಂದೊಂದು ಎಳೆ ತೂರಿಸುವ ಕಣ್ಣು) ಹಂಚುವಾಗಲೂ ಎಚ್ಚರ. ನೇರ ಟ್ವಿಲ್‌ನ ಅಭ್ಯಾಸದಂತೆ ನಾಲ್ಕಕ್ಕೂ ಸಮನಾಗಿ ಚೌಕಟ್ಟಿಗೆ 120 ಇಟ್ಟರೆ ಮುಕ್ಕಾಲು ಭಾಗ ಸೇರಿಸುವಷ್ಟರಲ್ಲಿ 2 ಮತ್ತು 3ನೇ ಚೌಕಟ್ಟು ಖಾಲಿ. 481 ಎಳೆಗೆ ಬೇಕಾದ್ದು ಕ್ರಮವಾಗಿ 81, 160, 160, 80.

ತಿರುವಿನಲ್ಲಿ 4-4 ಎಂದು ಎರಡು ಬಾರಿ ಸೇರಿಸುವವರಿದ್ದಾರೆ. ಆ ಎರಡೂ ಎಳೆ ಒಟ್ಟಿಗೆ ಏಳುತ್ತವೆ, ಇಳಿಯುತ್ತವೆ. ಪ್ರತಿ ಸಲ ಎರಡು ಚೌಕಟ್ಟು ಮೇಲೆ, ಎರಡು ಕೆಳಗೆ ಇರುವ ನೇಯ್ಗೆಯಲ್ಲಿ ಮೂರೆಳೆಯ ಮೇಲೆ ಹಾಯಬೇಕಾದ ಹೊಕ್ಕು (ಅಡ್ಡ ನೂಲು) ಅಲ್ಲಿ ನಾಲ್ಕೆಳೆ ದಾಟಿ ಸಡಿಲಾಗುತ್ತದೆ, ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತು ಬರುತ್ತದೆ. ಹೊಕ್ಕು ಮೂರೆಳೆ ದಾಟುವುದೂ ಬೇಡವಾದರೆ 1-2-3-4 ಆದಮೇಲೆ 2-1-4-3 ಸೇರಿಸಿ. ಈ ನೇಯ್ಗೆಯಲ್ಲಿ 4 ಮೇಲಿದ್ದಾಗ 2 ಯಾವಾಗಲೂ ಕೆಳಗಿರುವುದರಿಂದ ತಿರುವು ಗೆರೆ ಕೊರೆದಂತೆ ಬರುತ್ತದೆ. ನಮ್ಮ ಮಟ್ಟಿಗೆ ಹೊದಿಕೆಗೆ ಇದೇ ಮೇಲು.

ಅದೇ ನೂಲಿನ ಸಾದಾ ನೇಯ್ಗೆಗೆ ಇಂಚಿಗೆ 12 ಎಳೆ ಸಾಕಾಗಿದ್ದರೆ ಟ್ವಿಲ್‌ಗೆ ಸುಮಾರು 16 ಬೇಕು. ಎಳೆಗಳು ಹೆಣೆಯುವುದು ಇದರಲ್ಲಿ ಕಡಿಮೆ. 12ರಲ್ಲೇ ಹಾಸಿದರೆ ಓರೆಗೆರೆ ಚಪ್ಪಟೆಯಾಗಿ ಬಟ್ಟೆ ಜಾಳಾಗುತ್ತದೆ.

ಅಂಚಿನೆಳೆಯನ್ನು ಹೊಕ್ಕು ಹಿಡಿಯದೆ ಬಿಡುವ ತೊಂದರೆಗೆ ಕೈಲಾಳಿಯವರು (ಹೊಕ್ಕಿನ ಲಾಳಿಯನ್ನು ಕೈಯಿಂದಲೇ ಹಾಯಿಸುವವರು) ಎರಡೂ ಬದಿ ಒಂದೊಂದು ಎಳೆಯನ್ನು ಹೀಲ್ಡ್‌ಗೆ ಹಾಕದೆ ಹಣಿಗೆಯಲ್ಲಷ್ಟೇ (ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆ) ತೂರಿಸಿ, ಲಾಳಿಯನ್ನು ಅದರ ಮೇಲಿನಿಂದ ಒಳಬಿಟ್ಟು ಆಚೆ ಬದಿ ಅಡಿಯಿಂದ ತೆಗೆಯಬಹುದು. ಹಗ್ಗ ಎಳೆದು ಲಾಳಿ ಓಡಿಸುವ ಮಗ್ಗದಲ್ಲಿ ಇದು ನಡೆಯದು. ಅಂಚಿಗೆಂದೇ ಎರಡು ಚೌಕಟ್ಟು ಹೆಚ್ಚಿಗೆ ಕಟ್ಟಿ ಸಾದಾ ನೇಯ್ಗೆ ಕೊಡಬೇಕು. ಈ ಅಂಚಿನ ಎಳೆಗಳು 481ರ ಲೆಕ್ಕದ ಹೊರಗಿನವು.

ತರಬೇತಿ ಕೇಂದ್ರಗಳು ಮಗ್ಗ ಹತ್ತಿಸುವ ಮೊದಲು ಚೌಕುಳಿ ಹಾಳೆಯಲ್ಲಿ ಎರಡೂ ತುದಿಯ ಹನ್ನೆರಡು ಹನ್ನೆರಡು ಎಳೆಗಳನ್ನಾದರೂ ಬರೆಸಿ ನೋಡುವ ಪಾಠ ಇಡಲಿ.

— ಕೈಮಗ್ಗ ನೇಯ್ಗೆಯ ತರಬೇತುದಾರರು, ಬೆಟಗೇರಿ