ಟ್ರಿಪ್ ಆಗುತ್ತೆ ಅಂತ ಕಿತ್ತು ಹಾಕಬೇಡಿ

ಮಾನ್ಯ ಸಂಪಾದಕರೇ,

ಪುನರ್ವಸು ಮಳೆ ಹಿಡಿದರೆ ನಮ್ಮ ಹೊಸನಗರದ ಕಡೆ ಗೋಡೆಯೇ ಬೆವರುತ್ತದೆ. ಹಾಸಿಗೆಗೆ ಬೂಷ್ಟು, ಉಪ್ಪಿನ ಭರಣಿಯಲ್ಲಿ ನೀರು. ಅದೇ ಥಂಡಿ ಸ್ವಿಚ್ ಬೋರ್ಡಿನ ಒಳಗೂ ಕೂತಿರುತ್ತದೆ ಅನ್ನುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಮೇನ್ ಬೋರ್ಡಿನಲ್ಲಿ ಟೆಸ್ಟ್ ಅಂತ ಸಣ್ಣ ಗುಂಡಿ ಇರುವ ಡಬ್ಬಿ ಇರುತ್ತದಲ್ವಾ, ಕರೆಂಟ್ ಸೋರಿದರೆ ತಾನೇ ಲೈನ್ ಕತ್ತರಿಸುವ ಆರ್‌ಸಿಸಿಬಿ, ಅದು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗುತ್ತಿತ್ತು. ಬಂದ ವೈರ್‌ಮನ್ "ಮಳೆಗಾಲದಲ್ಲಿ ಇದರದ್ದು ಇದೇ ಕಿರಿಕಿರಿ" ಅಂತ ಅದನ್ನು ಬಿಟ್ಟು ನೇರ ಲೈನ್ ಕೊಟ್ಟು ಹೋದರು. ನಮಗೂ ಆರಾಮ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಬಚ್ಚಲಿನ ಲೈಟ್ ಹಾಕುವಾಗ ಅಮ್ಮನ ಕೈ ಜುಂ ಅಂತು.

ಮೇನ್ ಆಫ್ ಮಾಡಿ, ಬೇರೆಯವರನ್ನು ಕರೆಸಿ ಬಚ್ಚಲಿನ ಸ್ವಿಚ್ ಬೋರ್ಡ್ ಬಿಚ್ಚಿಸಿದೆವು. ಒಳಗೆ ಹನಿ ಹನಿ ನೀರು, ತುಕ್ಕು ಹಿಡಿದ ಸ್ಕ್ರೂ, ಸತ್ತ ಇರುವೆಗಳು. ಎರಡು ಸ್ಕ್ರೂ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಒದ್ದೆ ಧೂಳಿನ ಮೇಲೆ ಕರೆಂಟ್ ಹರಿದೂ ಹರಿದೂ ಪ್ಲಾಸ್ಟಿಕ್ ಸುಟ್ಟು ಆದ ಗೆರೆಯಂತೆ. ಹಂಡೆಯ ಹಬೆ ದಿನಾ ಆ ಗೋಡೆಗೇ ಬಡಿಯುತ್ತಿತ್ತು. ಪಾಪ, ಡಬ್ಬಿ ಸರಿಯಾಗೇ ಕೂಗುತ್ತಿತ್ತು.

"ಎಂಸಿಬಿ ಇದೆಯಲ್ಲ" ಅನ್ನುವವರೇ ಜಾಸ್ತಿ. ಅದು ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್, ಅಷ್ಟೇ. ಲೈಟಿನ ಲೈನಿನ ಎಂಸಿಬಿ ಬೀಳಬೇಕಾದರೆ 6 ಆಂಪಿಯರ್ ದಾಟಬೇಕು. ಮನುಷ್ಯನ ಎದೆ ನಿಲ್ಲಲು ಅದರ ನೂರರಲ್ಲೊಂದು ಪಾಲು ಸಾಕು. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೇ ಲೈನ್ ಕತ್ತರಿಸುತ್ತದೆ. ಇನ್ನು, ಸ್ವಿಚ್ ಆಫ್ ಇದ್ದರೂ ಅದರ ಒಂದು ತುದಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಒದ್ದೆ ಬೋರ್ಡಿಗೆ ಆಫ್ ಆನ್ ಎರಡೂ ಒಂದೇ.

ವೈರ್‌ಮನ್ ಅಣ್ಣಂದಿರಲ್ಲಿ ನನ್ನ ವಿನಂತಿ ಇಷ್ಟೇ. ಟ್ರಿಪ್ ಆದರೆ ಡಬ್ಬಿ ತೆಗೆಯಬೇಡಿ. ಒಂದೊಂದೇ ಲೈನ್ ಬಿಡಿಸಿ, ಸೋರುವುದು ಎಲ್ಲಿ ಅಂತ ಹುಡುಕಿ. ಅರ್ಧ ದಿನದ ಕೆಲಸ, ಕೂಲಿ ಕೊಡುತ್ತೇವೆ. ಬಚ್ಚಲಿನ ಸ್ವಿಚ್ಚನ್ನು ಹೊರಗಿನ ಒಣ ಗೋಡೆಗೆ ಹಾಕಿ. ಇರಚಲು ಹೊಡೆಯುವ ಜಗುಲಿಯಲ್ಲಿ ಬೇಕೇ ಬೇಕು ಅಂದರೆ ಮುಚ್ಚಳ ಇರುವ ವಾಟರ್‌ಪ್ರೂಫ್ ಡಬ್ಬಿ ಕೂರಿಸಿ. ತೋಟದ ಪಂಪಿನ ಸ್ಟಾರ್ಟರ್ ಕತೆಗೆ ಇನ್ನೊಂದು ಪತ್ರವೇ ಬೇಕು.

ಹೊಸ ಕನೆಕ್ಷನ್ ಕೊಡುವಾಗ ಮಲೆನಾಡಿನ ಮನೆಗಳಲ್ಲಾದರೂ ಆ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿಯೇ ಲೈನ್ ಕೊಡುವಂತಾಗಲಿ. ಒತ್ತಲು ಎರಡು ಸೆಕೆಂಡ್ ಸಾಕು.

– ಓದುಗರೊಬ್ಬರು, ಹೊಸನಗರ ತಾಲ್ಲೂಕು