ಹಳೇ ದೋಣಿಗೆ ಹೊಸ ಮರ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಹೋದ ಸಲ ಹಳೇ ಕನೂ, ಅಂದರೆ ಹುಟ್ಟು ಹಾಕಿ ನಡೆಸೋ ಉದ್ದನೆಯ ಕಿರಿದಾದ ದೋಣಿ, ರಿಪೇರಿ ಮಾಡುತ್ತಿರೋ ವಿಷಯ ಹೇಳಿದಾಗ ನೀವು, "ಅಷ್ಟೆಲ್ಲಾ ಮರ ಬದಲಾಯಿಸೋ ಬದಲು ಹೊಸದನ್ನೇ ಮಾಡಬಹುದಲ್ಲ?" ಅಂದಿರಿ. ಫೋನಿನಲ್ಲಿ ವಿವರಿಸೋದು ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ.

ಇದು ಸೀಡರ್ ಮರದಲ್ಲಿ ಮಾಡಿ, ಹೊರಗಡೆ ಕ್ಯಾನ್ವಾಸ್ ಎಳೆದು ಬಿಗಿದ ದೋಣಿ. ಹಲಗೆ ಸುಮಾರು 4 ಮಿಲಿಮೀಟರ್ ದಪ್ಪ, ಅಷ್ಟೇ. ಅದನ್ನು ಹಿಡಿದಿಡೋದು ಒಳಗಿನ ಬಾಗಿದ ಪಟ್ಟಿಗಳು. ಇವಕ್ಕೆ ರಿಬ್ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಇದನ್ನು ಒಂದು ದೊಡ್ಡ ಅಚ್ಚಿನ ಮೇಲೆ ಕಟ್ಟಿರುತ್ತಾರೆ. ನನ್ನ ಹತ್ತಿರ ಆ ಅಚ್ಚು ಎಲ್ಲಿಂದ ಬರಬೇಕು? ಇರೋ ದೋಣಿಯೇ ಅಚ್ಚು. ಎಲ್ಲಾ ಒಟ್ಟಿಗೆ ಬಿಚ್ಚಿದರೆ ಆಕಾರವೇ ಕೆಡುತ್ತದೆ. ಅದಕ್ಕೇ ಒಂದು ಬಿಟ್ಟು ಒಂದು ರಿಬ್ ಬದಲಾಯಿಸೋದು.

ರಿಬ್ಬಿಗೆ ಗಂಟಿಲ್ಲದ, ಎಳೆ ನೇರವಾಗಿರೋ ಸೀಡರ್ ಬೇಕು. ಒಲೆಯಲ್ಲಿ ಒಣಗಿಸಿದ ಮರ ಬಗ್ಗಿಸಿದರೆ ಬೇಗ ಮುರಿಯುತ್ತದೆ, ಗಾಳಿಯಲ್ಲಿ ಒಣಗಿದ್ದೇ ಒಳ್ಳೆಯದು. ನೀರಲ್ಲಿ ನೆನೆಸಿ ಹಬೆಗೆ ಇಡಬೇಕು. ಅಂಗುಲ ದಪ್ಪಕ್ಕೆ ಒಂದು ಗಂಟೆ ಅನ್ನೋದು ಲೆಕ್ಕ. ರಿಬ್ 8 ಮಿಲಿಮೀಟರ್ ಇರೋದರಿಂದ ಅರ್ಧ ಗಂಟೆ ಸಾಕು. ಹೊರಗೆ ತೆಗೆದ ತಕ್ಷಣ ದೋಣಿಯ ಹೊರಮೈ ಮೇಲೆ ಬಗ್ಗಿಸಿ ಕಟ್ಟಬೇಕು, ತಡಮಾಡಿದರೆ ಬಿಗಿಯಾಗಿಬಿಡುತ್ತದೆ. ಇಲ್ಲೊಂದು ಜಾಣತನ ಇದೆ ಅಪ್ಪ. ಹೊರಗಡೆ ಬಗ್ಗಿಸಿದ್ದು ಒಳಗೆ ಕೂರಬೇಕಲ್ವಾ? ಅದು ಕೂರೋ ಜಾಗದ ನೇರಕ್ಕೇ ಹೊರಗೆ ಬಗ್ಗಿಸಿದರೆ ಅಗಲ ಜಾಸ್ತಿ ಆಗುತ್ತದೆ. ಅದಕ್ಕೆ ಸ್ವಲ್ಪ ತುದಿಯ ಕಡೆ, ದೋಣಿ ಕಿರಿದಾಗೋ ಜಾಗದಲ್ಲಿ ಬಗ್ಗಿಸೋದು. ಒಣಗಿದ ಮೇಲೆ ಒಳಗೆ ತಂದು ಕೂರಿಸಿ ಹೊರಗಿನಿಂದ ಹಿತ್ತಾಳೆ ಮೊಳೆ ಹೊಡೆಯಬೇಕು. ಒಳಗಿನಿಂದ ಒಂದು ಕಬ್ಬಿಣದ ತುಂಡು ಒತ್ತಿ ಹಿಡಿದರೆ ಮೊಳೆಯ ತುದಿ ಮಡಚಿಕೊಂಡು ಮತ್ತೆ ಮರಕ್ಕೇ ಕಚ್ಚುತ್ತದೆ.

ಜಾಸ್ತಿ ಕೊಳೆತಿರೋದು ಎರಡು ತುದಿಗಳಲ್ಲಿ. ದೋಣಿಯನ್ನು ನೆಲದ ಮೇಲೆ ಬೋರಲು ಹಾಕಿ ಇಟ್ಟರೆ ಮೂತಿ ನೆಲಕ್ಕೆ ತಾಗಿ ತೇವ ಹೀರುತ್ತದೆ. ಕ್ಯಾನ್ವಾಸ್ ಬಿಚ್ಚುವವರೆಗೂ ಮೂತಿಯ ಮರ ಕೊಳೆತದ್ದು ಗೊತ್ತೇ ಆಗೋದಿಲ್ಲ. ಉಳಿಯ ತುದಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಅಂಥ ಕಡೆ ಅಂಟು, ಪುಟ್ಟಿ ತುಂಬೋದು ಸುಮ್ನೆ ಕಣ್ಣಿಗೆ ಮಣ್ಣೆರಚಿದಂತೆ. ಗಟ್ಟಿ ಮರ ಸಿಗೋವರೆಗೂ ಕತ್ತರಿಸಲೇಬೇಕು. ಬರೀ ಸೀಳಿರೋ ರಿಬ್ಬುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಅವು ಇನ್ನೂ ಕೆಲಸ ಮಾಡುತ್ತಿವೆ.

ಮೇಲಿನ ಅಂಚುಪಟ್ಟಿಗಳು ನಡುವೆ ಚೆನ್ನಾಗಿವೆ. ತುದಿ ಮಾತ್ರ ಕತ್ತರಿಸಿ, ಓರೆಯಾಗಿ ಸವರಿ ಹೊಸ ತುಂಡು ಅಂಟಿಸುತ್ತಿದ್ದೇನೆ. ಓರೆಯ ಉದ್ದ ದಪ್ಪದ ಎಂಟರಷ್ಟು ಇರಬೇಕು. 20 ಮಿಲಿಮೀಟರ್ ಪಟ್ಟಿಗೆ 160. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿ ಬಿಚ್ಚೋದು, ಇಲ್ಲದಿದ್ದರೆ ದೋಣಿ ತಿರುಚಿಕೊಳ್ಳುತ್ತದೆ.

ಈಗ ನಿಮ್ಮನ್ನೇ ಕೇಳಬೇಕು. ಓರೆಯ ತೆಳ್ಳಗಿನ ತುದಿಗೆ ಬಂದಾಗ ಉಜ್ಜುಗೊರಡು ಎಳೆ ಕೀಳುತ್ತದೆ. ಕೆಳಗೆ ಹಳೇ ಹಲಗೆ ಕೊಟ್ಟು ಎರಡನ್ನೂ ಸೇರಿಸಿ ಉಜ್ಜಲೋ, ಇಲ್ಲ ಉಳಿಯಲ್ಲೇ ಮುಗಿಸಲೋ? ಭಾನುವಾರ ಫೋನ್ ಮಾಡುತ್ತೇನೆ, ಯೋಚಿಸಿಟ್ಟಿರಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ