ಡ್ಯುಯಲ್ ಎನರ್ಜಿ ಸ್ಕ್ಯಾನ್‌ಗೆ ದುಡ್ಡು ತಗೊಂಡು ಕಲ್ಲು ಯಾವ್ದು ಅಂತಾನೇ ಬರೆದಿಲ್ಲ

ಸ್ಕ್ಯಾನ್ ಸೆಂಟರ್ ಮ್ಯಾನೇಜರ್ ಅವರಿಗೆ ನಮಸ್ಕಾರ,

ಚಳ್ಳಕೆರೆಯಿಂದ ನಮ್ಮ ಅಪ್ಪಾಜಿನ ಬೆಂಗಳೂರಿಗೆ ಕರ್ಕೊಂಡು ಬಂದಿದ್ದೇ ನಿಮ್ಮಲ್ಲಿ ಡ್ಯುಯಲ್ ಎನರ್ಜಿ ಸಿಟಿ (ಎರಡು ಬೇರೆ ಬೇರೆ ಎಕ್ಸ್‌ರೇ ಶಕ್ತೀಲಿ ತೆಗೆಯೋ ಸ್ಕ್ಯಾನ್) ಇದೆ ಅಂತ. ಯೂರಾಲಜಿ ಡಾಕ್ಟ್ರು ಚೀಟೀಲಿ ಕಿಡ್ನಿ ಸ್ಟೋನ್ ಕಾಂಪೊಸಿಷನ್, ಅಂದ್ರೆ ಕಲ್ಲು ಯಾವುದರಿಂದ ಆಗಿದೆ ಅನ್ನೋದು, ನೋಡ್ಬೇಕು ಅಂತ ಬರೆದಿದ್ರು, ನಿಮ್ಮ ಬಿಲ್ಲಲ್ಲೂ ಡ್ಯುಯಲ್ ಎನರ್ಜಿ ಅಂತಾನೇ ಇದೆ, ಮಾಮೂಲಿ ಸ್ಕ್ಯಾನ್‌ಗಿಂತ ಜಾಸ್ತಿ ದುಡ್ಡೂ ತಗೊಂಡಿದೀರಿ. ರಿಪೋರ್ಟಲ್ಲಿ ಇರೋದು ಮಾತ್ರ ಎಡಗಡೆ ಕಿಡ್ನೀಲಿ 11 ಎಂಎಂ ಕಲ್ಲು, 430 ಎಚ್‌ಯು (ಸ್ಕ್ಯಾನಲ್ಲಿ ಕಲ್ಲು ಎಷ್ಟು ದಟ್ಟವಾಗಿ ಕಾಣುತ್ತೆ ಅನ್ನೋ ಅಳತೆ), ಅಷ್ಟೇ. ಯೂರಿಕ್ ಆಸಿಡ್ಡೋ ಕ್ಯಾಲ್ಸಿಯಮ್ಮೋ, ಒಂದು ಮಾತಿಲ್ಲ.

ಕೌಂಟರಲ್ಲಿ ಕೇಳಿದ್ರೆ "ಸೈಜ್ ಬಂದಿದೆಯಲ್ಲ ಸರ್, ಡಾಕ್ಟ್ರಿಗೆ ಅಷ್ಟು ಸಾಕು" ಅಂದ್ರು. ಸಾಕಾಗಲ್ಲ ಸ್ವಾಮಿ. ಯೂರಿಕ್ ಆಸಿಡ್ ಕಲ್ಲಾಗಿದ್ರೆ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಯೂರಿನ್ ಪಿಎಚ್ (ಹುಳಿ ಅಂಶದ ಅಳತೆ) 6.5ರಿಂದ 7ರೊಳಗೆ ಇಟ್ರೆ ಎಷ್ಟೋ ಜನಕ್ಕೆ ಅದು ಒಳಗೇ ಕರಗುತ್ತೆ, ಕ್ಯಾಲ್ಸಿಯಂ ಆಕ್ಸಲೇಟ್ ಆದ್ರೆ ಯಾವ ಔಷಧಿಗೂ ಹಂಗೆ ಕರಗಲ್ಲ. ಅಪ್ಪಾಜಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದಾರೆ, ರಕ್ತ ತೆಳು ಮಾಡೋ ಮಾತ್ರೆ ನಿಲ್ಸೋದು ಅಂದ್ರೇನೇ ಭಯ, ಆಪರೇಷನ್ ತಪ್ಪುತ್ತಾ ಇಲ್ವಾ ಅನ್ನೋದು ಈ ಒಂದು ಸಾಲಿನ ಮೇಲೇ ನಿಂತಿದೆ.

430 ನೋಡಿ ಯೂರಿಕ್ ಆಸಿಡ್ ಇರಬಹುದು ಅಂದ್ರು ಡಾಕ್ಟ್ರು, ಆದ್ರೆ ಬರೀ ಆ ನಂಬರ್ ಮೇಲೆ ಗಟ್ಟಿಯಾಗಿ ಹೇಳೋಕೆ ಆಗಲ್ವಂತೆ, ಬೇರೆ ಜಾತಿ ಕಲ್ಲುಗಳೂ ಆ ಆಸುಪಾಸಲ್ಲಿ ಬರ್ತಾವೆ. ಅದಕ್ಕೇ ತಾನೇ 80 ಮತ್ತು 140 ಕೆವಿ (ಎಕ್ಸ್‌ರೇ ಟ್ಯೂಬಿಗೆ ಕೊಡೋ ವೋಲ್ಟೇಜ್) ಹಂಗೆ ಎರಡು ಎನರ್ಜೀಲಿ ತೆಗೆಯೋದು? ಕ್ಯಾಲ್ಸಿಯಂ ಕಲ್ಲು ಕಮ್ಮಿ ಕೆವೀಲಿ ತುಂಬಾ ಬೆಳ್ಳಗೆ ಕಾಣುತ್ತೆ, ಯೂರಿಕ್ ಆಸಿಡ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ, ಆ ವ್ಯತ್ಯಾಸ ನೋಡಿ ಸಾಫ್ಟ್‌ವೇರ್ ಬೇರೆ ಬೇರೆ ಬಣ್ಣ ಹಾಕಿ ತೋರಿಸುತ್ತೆ. ನೀವು ಕೊಟ್ಟ ಸಿಡೀಲಿ ಒಂದೇ ಸೀರೀಸ್, ಅಂದ್ರೆ ಚಿತ್ರಗಳ ಒಂದೇ ಸೆಟ್ಟು, ಇದೆ, ಅದರಿಂದ ಬೇರೆ ಕಡೆ ತೋರಿಸಿದ್ರೂ ಪ್ರಯೋಜನ ಇಲ್ಲ.

ಮೊದಲು ಮಷೀನಲ್ಲಿರೋ ಡೇಟಾ ಡಿಲೀಟ್ ಆಗದಂಗೆ ಇವತ್ತೇ ಉಳಿಸಿ. ಎರಡೂ ಸೀರೀಸ್ ಇದ್ರೆ ಅನಾಲಿಸಿಸ್ ಮಾಡಿಸಿ, ರೇಡಿಯಾಲಜಿಸ್ಟ್ ಸಹಿ ಹಾಕಿದ ಹೊಸ ರಿಪೋರ್ಟ್ ಜೊತೆ ಎರಡನ್ನೂ ಸಿಡೀಲಿ ಕೊಡಿ. ಡ್ಯುಯಲ್ ಎನರ್ಜಿ ಮಾಡೇ ಇಲ್ಲ ಅಂದ್ರೆ ಅದನ್ನ ಬರವಣಿಗೇಲಿ ಒಪ್ಕೊಂಡು ಪೂರ್ತಿ ದುಡ್ಡು ವಾಪಸ್ ಕೊಡಿ, ಯಾಕಂದ್ರೆ ವಯಸ್ಸಾದವರಿಗೆ ಇನ್ನೊಂದು ಸಲ ರೇಡಿಯೇಷನ್ ಕೊಡ್ಸೋ ಪರಿಸ್ಥಿತಿ ತಂದಿರೋದು ನೀವು. ಬಿಲ್ಲು, ಚೀಟಿ, ರಿಪೋರ್ಟು ಜೊತೇಲಿ ಕಳಿಸಿದೀನಿ. ಈ ವಾರದೊಳಗೆ ಉತ್ತರ ಬರದಿದ್ರೆ ಇದೇ ಕಾಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೆ.